ಸ್ಲೀವೋ ಬೈಪಾಸೋ? ತೂಕ ಇಳಿಸುವ ಆಪರೇಷನ್‌ಗೆ ಹೂಂ ಅನ್ನುವ ಮುಂಚೆ

ಹೇಮಾವತಿ_ದಂಡೆ
ನಾವು ಹಾಸನದ ಕಡೆಯವರು, ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ವಿವರ ಇಷ್ಟು: ವಯಸ್ಸು 41, ಎತ್ತರ 156 ಸೆಂ.ಮೀ., ತೂಕ 96 ಕೆ.ಜಿ. ಶುಗರ್ ಬಂದು 7 ವರ್ಷ, ಈಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.9. ಎದೆಯುರಿ, ಹುಳಿತೇಗು ಹಳೆಯದು, ಪ್ಯಾಂಟೊಪ್ರಜೋಲ್ ಬಿಟ್ಟರೆ ರಾತ್ರಿ ನಿದ್ದೆಯಿಲ್ಲ. ಶುದ್ಧ ಸಸ್ಯಾಹಾರ, ಮೊಟ್ಟೆಯೂ ಇಲ್ಲ. ದಿನದ ಮಾತ್ರೆಗಳು: ಮೆಟ್‌ಫಾರ್ಮಿನ್ ಎಸ್‌ಆರ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್, ಥೈರಾಕ್ಸಿನ್ 75, ಜೊತೆಗೆ ಆ ಪ್ಯಾಂಟೊಪ್ರಜೋಲ್. ಬೇರಿಯಾಟ್ರಿಕ್ ಸರ್ಜರಿ ಮಾಡಿಸುವುದು ಅಂತ ಮನಸ್ಸು ಮಾಡಿದ್ದಾರೆ. ಒಂದು ಕಡೆ ತೋರಿಸಿದಾಗ ಸ್ಲೀವ್ ಮಾಡಿಸಿ ಅಂದರು. ಎಂಡೋಸ್ಕೋಪಿ ಇನ್ನೂ ಆಗಿಲ್ಲ. ಯಾವುದು ಸರಿ, ಮುಂಚೆ ಏನೇನು ಸಿದ್ಧತೆ, ಆಮೇಲೆ ಊಟ ಹೇಗೆ? "ಬಾಯಿ ಕಟ್ಟಿದರೆ ಸಾಕಿತ್ತು" ಅನ್ನುವವರು ಮನೆಯಲ್ಲೇ ಇದ್ದಾರೆ, ದಯವಿಟ್ಟು ಅದನ್ನು ಇಲ್ಲಿ ಬೇಡ.

ಬಿಳಿಕೋಟು
ಎಂಡೋಸ್ಕೋಪಿ ಮಾಡದೆಯೇ ಸ್ಲೀವ್ ಅಂದಿದ್ದರೆ, ಆ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇವರ ವಿಷಯದಲ್ಲಿ ತೀರ್ಮಾನ ನಿಂತಿರುವುದೇ ಅನ್ನನಾಳದ ಮೇಲೆ.

ಸ್ಲೀವ್ ಅಂದರೆ ಜಠರದ ಎಡಬದಿಯ ಉಬ್ಬು ಭಾಗವನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ಹೊರಗೆ ತೆಗೆಯುವುದು. ಶೇಕಡ 75ರಿಂದ 80ರಷ್ಟು ಜಠರ ಹೋಗುತ್ತದೆ. ಬಾಯಿಂದ ಒಂದು ಅಳತೆಯ ಕೊಳವೆ ಇಳಿಸಿ, ಅದಕ್ಕೆ ಒತ್ತಿಕೊಂಡಂತೆ ಸ್ಟೇಪ್ಲರ್ ಹೊಡೆಯುತ್ತಾ ಮೇಲೆ ಹೋಗುತ್ತಾರೆ. ಕೊಳವೆ ಸಾಮಾನ್ಯವಾಗಿ 36ರಿಂದ 40 ಫ್ರೆಂಚ್. ಮೂರು ಫ್ರೆಂಚ್‌ಗೆ ಒಂದು ಮಿಲಿಮೀಟರ್, ಅಂದರೆ 12–13 ಮಿ.ಮೀ. ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಮೇಲ್ಭಾಗದಲ್ಲೇ, ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಆದರೆ ಕೊಳವೆ ಕಿರಿದಾದಷ್ಟೂ ಒಳಗಿನ ಒತ್ತಡ ಏರುತ್ತದೆ, ಹೊರದಾರಿ ಪೈಲೋರಸ್ ಮೊದಲಿನಂತೆಯೇ ಬಿಗಿಯಾಗಿರುತ್ತದೆ, ಹಾಗಾಗಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಫಿನ್ಲೆಂಡಿನ ಸ್ಲೀವ್‌ಪಾಸ್ ಅಧ್ಯಯನದಲ್ಲಿ 10 ವರ್ಷದ ನಂತರ ಎಂಡೋಸ್ಕೋಪಿ ಮಾಡಿ ನೋಡಿದಾಗ, ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇಕಡ 31, ಬೈಪಾಸ್ ಆದವರಲ್ಲಿ ಶೇಕಡ 7 ಇತ್ತು. ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ 15–30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾತ್ರ ಬೇರ್ಪಡಿಸಿ, ಅದಕ್ಕೆ ಸಣ್ಣಕರುಳನ್ನು ತಂದು ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ದಾರಿ ಹಿಡಿಯುವುದಿಲ್ಲ. ಆಮ್ಲ ಅನ್ನನಾಳಕ್ಕೆ ತಲುಪುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಶುಗರ್‌ಗೂ ಬೈಪಾಸ್ ಸ್ವಲ್ಪ ಮೇಲುಗೈ. ಅಮೆರಿಕದ ಸ್ಟಾಂಪೀಡ್ ಅಧ್ಯಯನದಲ್ಲಿ 5ನೇ ವರ್ಷ ಎಚ್‌ಬಿಎ1ಸಿ 6 ಅಥವಾ ಕೆಳಗೆ ಇದ್ದವರು ಬೈಪಾಸ್‌ನಲ್ಲಿ ಶೇಕಡ 29, ಸ್ಲೀವ್‌ನಲ್ಲಿ 23, ಬರೀ ಔಷಧಿಯಲ್ಲಿ 5. "ಆಪರೇಷನ್ ಆದರೆ ಶುಗರ್ ಮಾಯ" ಎಂಬ ಜಾಹೀರಾತಿನ ಮಾತನ್ನೂ ಇದೇ ಅಂಕಿ ನೋಡಿ ಅಳೆಯಿರಿ. 7 ವರ್ಷದ ಶುಗರ್ ಪೂರ್ತಿ ಹೋಗಲೂಬಹುದು, ಒಂದು ಮಾತ್ರೆ ಉಳಿಯಲೂಬಹುದು. ಹಳೆಯದಾದಷ್ಟೂ, ಇನ್ಸುಲಿನ್ ಹಂತ ಮುಟ್ಟಿದಷ್ಟೂ ಆಸೆ ಕಡಿಮೆ.

ಬೈಪಾಸ್‌ಗೂ ಅದರದೇ ಸಾಲ ಇದೆ. ಕಬ್ಬಿಣ, ಕ್ಯಾಲ್ಸಿಯಂ ಹೀರುವ ಜಾಗವನ್ನೂ ಬಿ12 ಹೀರಲು ನೆರವಾಗುವ ಜಠರವನ್ನೂ ದಾಟಿಸಿ ಬಿಡುವುದರಿಂದ ಜೀವಮಾನವಿಡೀ ಮಾತ್ರೆ ತಪ್ಪದು. ಹೊಲಿಗೆಯ ಜಾಗದಲ್ಲಿ ಹುಣ್ಣು, ಕರುಳು ಸಂದಿಯಲ್ಲಿ ಸಿಕ್ಕಿಕೊಳ್ಳುವುದು, ಸಿಹಿ ತಿಂದರೆ ಡಂಪಿಂಗ್. ಅವನ್ನು ಮುಂದೆ ಬರೆಯುತ್ತೇನೆ.

ಇವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ: 96 ÷ (1.56 × 1.56) = 39.4. ನಮ್ಮ ದೇಶದ ಶಸ್ತ್ರಚಿಕಿತ್ಸಕರು ಅನುಸರಿಸುವ ಮಿತಿ ಕಾಯಿಲೆ ಇಲ್ಲದವರಿಗೆ 37.5, ಇದ್ದವರಿಗೆ 32.5. ಎರಡನ್ನೂ ದಾಟಿದ್ದಾರೆ, ಆಪರೇಷನ್ ಬೇಕೇ ಎಂಬ ಪ್ರಶ್ನೆಯಲ್ಲಿ ವೈದ್ಯಕೀಯವಾಗಿ ಅನುಮಾನವಿಲ್ಲ.

ನಿಧಾನಸ್ಥ
ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ ಸರ್? ಮೌಂಜಾರೋ, ವೆಗೋವಿ ಎರಡೂ 2025ರಲ್ಲೇ ಇಲ್ಲಿಗೆ ಬಂದವು. ಹೊಟ್ಟೆ ಕೊಯ್ಯಿಸಿಕೊಳ್ಳುವ ಮುಂಚೆ ಅದನ್ನೇಕೆ ನೋಡಬಾರದು?

ಬಿಳಿಕೋಟು
ನೋಡಬಹುದು, ತಪ್ಪಿಲ್ಲ. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ (ವೆಗೋವಿ) 2.4 ಮಿ.ಗ್ರಾಂ. ಒಂದೂಕಾಲು ವರ್ಷದಲ್ಲಿ ಸರಾಸರಿ ಶೇಕಡ 15ರಷ್ಟು, ಟಿರ್ಜೆಪಟೈಡ್‌ನ (ಮೌಂಜಾರೋ) ದೊಡ್ಡ ಡೋಸ್ ಶೇಕಡ 20ರ ಸುಮಾರು ತೂಕ ಇಳಿಸಿವೆ. ಸ್ಲೀವ್‌ನಲ್ಲಿ ಸುಮಾರು 25, ಬೈಪಾಸ್‌ನಲ್ಲಿ 30. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸ್ ಬಂತು. ಹಾಗಾಗಿ ಅದರ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಹಾಕಬೇಡಿ, ವರ್ಷಗಳ ಲೆಕ್ಕದಲ್ಲಿ ಹಾಕಿ. ಬಿಎಂಐ 30ರ ಆಸುಪಾಸಿನವರಿಗೆ ನಾನೂ ಮೊದಲು ಇಂಜೆಕ್ಷನ್ನೇ ಅನ್ನುತ್ತೇನೆ. 39ಕ್ಕೆ, ಶುಗರ್ ಹಿಡಿತಕ್ಕೆ ಬಾರದಿರುವಾಗ, ಆಪರೇಷನ್ ಕಡೆಗೇ ತಕ್ಕಡಿ ವಾಲುತ್ತದೆ. ಇನ್ನೊಂದು: ಈ ಇಂಜೆಕ್ಷನ್ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಬೇಕು. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ರಾತ್ರಿಯಿಂದ ಉಪವಾಸವಿದ್ದರೂ ಊಟ ಒಳಗೇ ಇರಬಹುದು.

ಪಾಲಿಸಿಪುಟ
ವಿಮೆಯ ಭಾಗ ನಾನು ಹೇಳುತ್ತೇನೆ. ಮೇಲಿನ 37.5, 32.5 ವಿಮಾ ಕಂಪನಿಗೆ ಲೆಕ್ಕಕ್ಕಿಲ್ಲ. ಪಾಲಿಸಿ ಪುಸ್ತಕದಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ತೆಗೆಯಿರಿ, ಅದರಲ್ಲಿ 06 ಎಂಬ ಸಂಕೇತದ ಕೆಳಗೆ ಬೊಜ್ಜಿನ ಚಿಕಿತ್ಸೆ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ಕೊಟ್ಟಿದೆ: ವೈದ್ಯರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಅಥವಾ ಮೇಲೆ. 35 ದಾಟಿ 40ರೊಳಗಿದ್ದರೆ, ಇತರ ದಾರಿಗಳು ಫಲ ಕೊಡದೆ ಈ ನಾಲ್ಕರಲ್ಲಿ ಒಂದಾದರೂ ಇರಬೇಕು: ಬೊಜ್ಜಿನಿಂದ ಹೃದಯದ ಸ್ನಾಯು ದುರ್ಬಲವಾಗಿರುವುದು, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹಿಡಿತ ತಪ್ಪಿದ ಟೈಪ್ 2 ಶುಗರ್.

ಇವರ 39.4 ಎರಡನೆಯ ಸಾಲಿಗೆ ಬರುತ್ತದೆ. ಹಾಗಾಗಿ 8.9ರ ವರದಿ ಒಂದೇ ಸಾಲದು. ಹಿಂದಿನ ಒಂದೆರಡು ವರ್ಷದ ಎಚ್‌ಬಿಎ1ಸಿ, ಆಗ ಯಾವ ಮಾತ್ರೆ ಎಷ್ಟು ಡೋಸ್ ಇತ್ತೆಂಬ ಚೀಟಿಗಳು, ಡಯಟಿಷಿಯನ್ ಬಳಿ ಹೋಗಿದ್ದಕ್ಕೆ ಕಾಗದ, ಎಲ್ಲ ಜೋಡಿಸಿ. ಎತ್ತರ, ತೂಕ ಆಸ್ಪತ್ರೆಯವರೇ ಅಳೆದು, ತಾರೀಖು ಹಾಕಿ, ಸಹಿ ಮಾಡಿರಬೇಕು, ಅದೂ ಆಪರೇಷನ್ ಮುಂಚಿನ ದ್ರವಾಹಾರ ಶುರುವಾಗುವ ಮೊದಲೇ. ಗಡಿಯಲ್ಲಿರುವವರಿಗೆ ಎರಡು ವಾರದ ಪಥ್ಯದಲ್ಲಿ ನಾಲ್ಕೈದು ಕೆ.ಜಿ. ಇಳಿದು ಅರ್ಹತೆಯೇ ತಪ್ಪಿಹೋಗಬಹುದು.

ಕಾಯುವ ಅವಧಿ ಮುಗಿದಿದೆಯೇ ನೋಡಿ. ಪಾಲಿಸಿ ಮಾಡಿಸುವಾಗ ಶುಗರ್ ಮುಚ್ಚಿಟ್ಟಿದ್ದರೆ ಕ್ಲೇಮ್ ಬಿದ್ದುಹೋಗುವುದು ಅಲ್ಲೇ. ಆಸ್ಪತ್ರೆಯ ಪ್ಯಾಕೇಜ್ ಕೇಳುವಾಗ, ಸ್ಟೇಪ್ಲರ್ ಕಾರ್ಟ್ರಿಜ್ ಎಷ್ಟು ಸೇರಿವೆ, ಹೆಚ್ಚು ಬೇಕಾದರೆ ಒಂದಕ್ಕೆ ಎಷ್ಟು, ಐಸಿಯು ದಿನ ಸೇರಿದೆಯೇ, 30 ದಿನದೊಳಗೆ ಮತ್ತೆ ಸೇರಬೇಕಾದರೆ ಯಾರ ಖರ್ಚು, ಇಷ್ಟನ್ನು ಬರಹದಲ್ಲಿ ಪಡೆಯಿರಿ. ಸ್ಲೀವ್ ಒಂದಕ್ಕೇ ಐದಾರು ಕಾರ್ಟ್ರಿಜ್ ಸಾಮಾನ್ಯ, ಬಿಲ್ ಉಬ್ಬುವುದೇ ಅಲ್ಲಿ. ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ, ಮುಂದೆ ಜೋತುಬಿದ್ದ ಚರ್ಮ ತೆಗೆಸುವುದು, ಇವುಗಳಿಗೆ ಸಾಮಾನ್ಯವಾಗಿ ವಿಮೆಯಲ್ಲಿ ಚಿಕ್ಕಾಸೂ ಹುಟ್ಟುವುದಿಲ್ಲ.

ಮಾತ್ರೆಡಬ್ಬಿ
ನೀವು ಬರೆದ ಐದು ಮಾತ್ರೆಗಳನ್ನು ಒಂದೊಂದಾಗಿ ನೋಡೋಣ. ಬದಲಾವಣೆ ವೈದ್ಯರೇ ಮಾಡಬೇಕು. ಏನು ಕೇಳಬೇಕು ಅನ್ನುವುದಕ್ಕೆ ಇದು.

ಡಾಪಾಗ್ಲಿಫ್ಲೋಜಿನ್: ಎಲ್ಲಕ್ಕಿಂತ ಅಪಾಯ ಇದರದು. ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಲೇಬೇಕು. ದ್ರವಾಹಾರ ಶುರುವಾದ ದಿನವೇ ನಿಲ್ಲಿಸುವುದು ಇನ್ನೂ ಕ್ಷೇಮ. ಊಟ ಕಡಿಮೆಯಾದಾಗ ಇದರಿಂದ ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ಸೇರಿ ರಕ್ತ ಹುಳಿಯಾಗುವುದು, ಆಗಬಹುದು, ಮೋಸ ಏನೆಂದರೆ ಆಗ ಗ್ಲೂಕೋಮೀಟರ್ 150, 180 ಅಂತ ಸಾಧುವಾಗಿಯೇ ತೋರಿಸುತ್ತಿರುತ್ತದೆ. ವಾಂತಿ, ಏದುಸಿರು ಬಂದರೆ ಶುಗರ್ ಸರಿಯಿದೆ ಅಂತ ಸುಮ್ಮನಿರಬಾರದು, ಕೀಟೋನ್ ನೋಡಿಸಬೇಕು.

ಗ್ಲಿಮೆಪಿರೈಡ್: ದ್ರವಾಹಾರದಲ್ಲಿ ಶುಗರ್ ದಬಕ್ಕನೆ ಇಳಿಸುವುದು ಇದೇ. ಡೋಸ್ ಇಳಿಸುವುದೋ ನಿಲ್ಲಿಸುವುದೋ ಪಥ್ಯ ಶುರುವಾಗುವ ಹಿಂದಿನ ದಿನವೇ ತೀರ್ಮಾನವಾಗಬೇಕು.

ಮೆಟ್‌ಫಾರ್ಮಿನ್ ಎಸ್‌ಆರ್: ಎಸ್‌ಆರ್ ಅಂದರೆ ಗಂಟೆಗಟ್ಟಲೆ ನಿಧಾನವಾಗಿ ಕರಗುವ ಮಾತ್ರೆ. ಬೈಪಾಸ್ ಆದಮೇಲೆ ದಾರಿ ಗಿಡ್ಡ, ಪೂರ್ತಿ ಕರಗುವ ಮುಂಚೆಯೇ ಸಾಗಿಹೋಗಬಹುದು. ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಂದೇ ಸಲ. ಸಾದಾ ಮೆಟ್‌ಫಾರ್ಮಿನ್‌ಗೆ ಬದಲಿಸಿಕೊಳ್ಳಿ. ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಬರೆದಿರುವ ಯಾವ ಮಾತ್ರೆಗೂ ಇದೇ ಮಾತು.

ಥೈರಾಕ್ಸಿನ್: ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೊದಲಿನಂತೆಯೇ. ಕ್ಯಾಲ್ಸಿಯಂ, ಕಬ್ಬಿಣದಿಂದ 4 ಗಂಟೆ ದೂರ. ತೂಕ ಇಳಿದಂತೆ ಡೋಸ್ ಇಳಿಯಬಹುದು, ಟಿಎಸ್‌ಎಚ್ ನೋಡಿಸುತ್ತಿರಿ.

ಪ್ಯಾಂಟೊಪ್ರಜೋಲ್: ಎದೆಯುರಿ ಹೋದರೂ ಬೈಪಾಸ್ ನಂತರ ಕನಿಷ್ಠ 3 ತಿಂಗಳು ಇರುತ್ತದೆ, ಹೊಲಿಗೆಯ ಜಾಗದಲ್ಲಿ ಹುಣ್ಣಾಗದಿರಲಿ ಅಂತ. ಈ ಮಾತ್ರೆ ಪುಡಿ ಮಾಡಬಾರದು.

ಹೊಸದಾಗಿ ಸೇರುವವು: ಮಲ್ಟಿವಿಟಮಿನ್, ಬಿ12 (ದಿನಾ 350–1000 ಮೈಕ್ರೋಗ್ರಾಂ ಬಾಯಿಗೆ, ಇಲ್ಲವೇ ತಿಂಗಳಿಗೊಂದು 1000ದ ಇಂಜೆಕ್ಷನ್), ಡಿ3, ಮುಟ್ಟು ನಿಲ್ಲದ ಹೆಂಗಸರಿಗೆ ಕಬ್ಬಿಣ 45–60 ಮಿ.ಗ್ರಾಂ., ಕ್ಯಾಲ್ಸಿಯಂ ಊಟದಲ್ಲಿರುವುದೂ ಸೇರಿ ದಿನಕ್ಕೆ 1200–1500 ಮಿ.ಗ್ರಾಂ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದರಿಂದ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ 300 ಮಿ.ಗ್ರಾಂ. ದಿನಕ್ಕೆರಡು ಸಲ ಬರೆಯುವುದುಂಟು.

ಕ್ಯಾಲ್ಸಿಯಂ ಕೊಳ್ಳುವಾಗ ಪಟ್ಟಿಯ ಹಿಂಬದಿ ಓದಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಬೈಪಾಸ್ ಆದವರಿಗೆ ಅದೇ ಕಡಿಮೆ. ಸಿಟ್ರೇಟ್ ಬೇಕು. "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ." ಅಂತಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು 210 ಮಾತ್ರ. ಒಂದೇ ಸಲಕ್ಕೆ 500–600ಕ್ಕಿಂತ ಹೆಚ್ಚು ಕರುಳು ಹೀರುವುದಿಲ್ಲ, ಅದಕ್ಕೇ ಹಂಚಿ ನುಂಗುವುದು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ 2 ಗಂಟೆ ಅಂತರ. ಒಂದು ಹೊಂದಾಣಿಕೆ: 6ಕ್ಕೆ ಥೈರಾಕ್ಸಿನ್, 11ಕ್ಕೆ ನಿಂಬೆರಸದ ನೀರಿನ ಜೊತೆ ಕಬ್ಬಿಣ, 2ಕ್ಕೆ, 6ಕ್ಕೆ, ರಾತ್ರಿ 9ಕ್ಕೆ ಕ್ಯಾಲ್ಸಿಯಂ. ಕಬ್ಬಿಣದ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಹಾಸನದ ಕಡೆಯವರಿಗೆ ಕಷ್ಟದ ಮಾತು, ಆದರೂ.

ಅಡುಗೆಮನೆ_ತಕ್ಕಡಿ
ಊಟದ ಮಾತಿಗೆ ಬರೋಣ. ಮೊದಲು ಒಂದು ಡಿಜಿಟಲ್ ತಕ್ಕಡಿ ಕೊಳ್ಳಿ, ಗ್ರಾಂ ತೋರಿಸುವುದು.

ಆಪರೇಷನ್‌ಗೆ ಎರಡು ವಾರ ಮುಂಚಿನ ಪಥ್ಯ ತೂಕಕ್ಕಲ್ಲ, ಲಿವರ್‌ಗೆ. ಕೊಬ್ಬು ತುಂಬಿದ ಲಿವರ್‌ನ ಎಡಹಾಳೆ ಜಠರದ ಮೇಲೇ ಹೊದ್ದುಕೊಂಡಿರುತ್ತದೆ, ಅದನ್ನು ಕೊಕ್ಕೆಯಿಂದ ಎತ್ತಿ ಹಿಡಿದೇ ಕೆಲಸ ಮಾಡಬೇಕು. ಉಬ್ಬಿದ್ದರೆ ಎತ್ತಿದಲ್ಲಿ ಹರಿದು ರಕ್ತ ಬರುತ್ತದೆ. ದಿನಕ್ಕೆ 800 ಕ್ಯಾಲರಿಯಷ್ಟು, ಸಕ್ಕರೆ ಮತ್ತು ಹಿಟ್ಟಿನ ಅಂಶ ಆದಷ್ಟು ಕಡಿಮೆ. ಕೆನೆ ತೆಗೆದ ಹಾಲು 1 ಲೀಟರ್ (340 ಕ್ಯಾಲರಿ, 34 ಗ್ರಾಂ ಪ್ರೋಟೀನ್), ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪುಡಿ) ಡಬ್ಬಿಯಲ್ಲಿ ಬರುವ ಅಳತೆಯ ಎರಡು ಚಮಚೆ (240 ಕ್ಯಾಲರಿ, 48 ಗ್ರಾಂ), ನೀರುಮಜ್ಜಿಗೆ, ಸೋಸಿದ ತರಕಾರಿ ಸಾರು. ಮೂರನೇ ದಿನ ತಲೆನೋವು ಬಂದರೆ ಸಾಮಾನ್ಯವಾಗಿ ಉಪ್ಪು, ನೀರು ಸಾಲದೆ, ಹೆದರಬೇಡಿ. ಎಳನೀರು, ಹಣ್ಣಿನ ರಸ ಹಗುರ ಅಂತ ಸುರಿದುಕೊಂಡರೆ ಎರಡು ವಾರದ ಪಥ್ಯ ಮಣ್ಣುಪಾಲು.

ಆಪರೇಷನ್ ಆದಮೇಲೆ ಮೊದಲ ಒಂದೆರಡು ದಿನ ನೀರು, ತಿಳಿ. ಆಮೇಲೆ ಎರಡು ವಾರದವರೆಗೆ ಹಾಲು, ಮಜ್ಜಿಗೆ, ಪ್ರೋಟೀನ್ ನೀರು. ಮೂರು, ನಾಲ್ಕನೇ ವಾರ ಮಿಕ್ಸಿಯಲ್ಲಿ ನುಣ್ಣಗಾದದ್ದು. ಐದು, ಆರನೇ ವಾರ ಬೆರಳಲ್ಲಿ ಒತ್ತಿದರೆ ನುರಿಯುವಂಥದ್ದು. ಅಲ್ಲಿಂದ ನಿಧಾನವಾಗಿ ಮಾಮೂಲಿ. ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ದ್ರವ. ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ.

ಸಸ್ಯಾಹಾರಿಗಳು ಮುಗ್ಗರಿಸುವುದು ಎಲ್ಲಿ ಗೊತ್ತೇ? "ಬೇಳೆಸಾರು ಕುಡೀತಿದ್ದಾರೆ, ಪ್ರೋಟೀನ್ ಆಯ್ತಲ್ಲ" ಅನ್ನುವಲ್ಲಿ. ಲೆಕ್ಕ ಹಾಕಿ: ಒಂದು ಲೀಟರ್ ಸಾರಿಗೆ ತೊಗರಿಬೇಳೆ 50 ಗ್ರಾಂ. ಅದರಲ್ಲಿ ಪ್ರೋಟೀನ್ 11 ಗ್ರಾಂ. 200 ಮಿ.ಲೀ. ಲೋಟಕ್ಕೆ ಬಂದದ್ದು 2 ಗ್ರಾಂ ಚಿಲ್ಲರೆ, ಅದೂ ತಳ ಕಲಕಿ ಬಡಿಸಿದರೆ. ಬೇಕಾದದ್ದು ದಿನಕ್ಕೆ 60ರಿಂದ 80. ರಾಗಿ ಅಂಬಲಿಯೂ ಅಷ್ಟೇ: 20 ಗ್ರಾಂ ಹಿಟ್ಟಿನಲ್ಲಿ ಒಂದೂವರೆ ಗ್ರಾಂ ಮುಟ್ಟಿದರೆ ಹೆಚ್ಚು. ಅದಕ್ಕೇ 15 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿದರೆ ಇನ್ನೂ 5 ಗ್ರಾಂ ಸೇರುತ್ತದೆ.

ಎರಡು ತಿಂಗಳ ನಂತರದ ಒಂದು ದಿನ: ಬೆಳಿಗ್ಗೆ 200 ಮಿ.ಲೀ. ಹಾಲಿಗೆ ಒಂದು ಚಮಚೆ ವೇ (30 ಗ್ರಾಂ ಪ್ರೋಟೀನ್). ಹನ್ನೊಂದರ ಹೊತ್ತಿಗೆ ಪನೀರ್ 50 ಗ್ರಾಂ (9). ಮಧ್ಯಾಹ್ನ ಗಟ್ಟಿ ಬೇಳೆ 100 ಗ್ರಾಂ, ಜೊತೆಗೆ ಪಲ್ಯ (7). ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ (8). ರಾತ್ರಿ ಸೋಯಾ ಚಂಕ್ಸ್, ಒಣಗಿದ್ದಾಗ 20 ಗ್ರಾಂ, ಬೇಯಿಸಿ ಪುಡಿ ಮಾಡಿದ್ದು (10). ಒಟ್ಟು 64. ಇದರಿಂದ ವೇ ತೆಗೆದುಹಾಕಿ ನೋಡಿ, 40. ಮೊಟ್ಟೆಯೂ ಇಲ್ಲದವರು "ಪುಡಿ ಗಿಡಿ ಬೇಡ, ಮನೆ ಊಟ ಸಾಕು" ಅನ್ನುವುದು ನಡೆಯದು. ಸಾಲದ ಪ್ರೋಟೀನಿಗೆ ದೇಹ ಕೈ ಹಾಕುವುದು ತೊಡೆಯ ಸ್ನಾಯುವಿಗೆ. ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಕೂದಲು ಉದುರುವುದು ಮಾತ್ರ ಎಲ್ಲ ಸರಿಯಿದ್ದರೂ ಆಗುತ್ತದೆ, ಮತ್ತೆ ಬೆಳೆಯುತ್ತದೆ. ಅದಕ್ಕೆಂದು ಬಯೋಟಿನ್ ಡಬ್ಬಿಗಳ ಹಿಂದೆ ಹೋಗಬೇಡಿ.

ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ನಮ್ಮದು ಇದಕ್ಕೆ ಸರಿಯಾಗಿ ತಲೆಕೆಳಗು.

ಮುದ್ದೆ. ಹಾಸನದವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲ. ಮುರಿದು, ಉಂಡೆ ಮಾಡಿ, ಸಾರಲ್ಲಿ ಹೊರಳಿಸಿ, ಗುಳುಂ. ಆ ತುತ್ತು ನಿಂಬೆಕಾಯಿ ಗಾತ್ರ ಇರುತ್ತದೆ. ಇಳಿಯಬೇಕಾದ ದಾರಿ ಈಗ ಕಿರುಬೆರಳಿನಷ್ಟು. ರಾಗಿಯಲ್ಲಿ ದೋಷವಿಲ್ಲ, ನುಂಗುವುದರಲ್ಲಿದೆ. ಎದೆಯ ನಡುವೆ ಕಲ್ಲಿಟ್ಟಂತೆ ಒತ್ತುತ್ತದೆ, ಬಾಯಲ್ಲಿ ನೊರೆನೊರೆ ಜೊಲ್ಲು ಕಟ್ಟುತ್ತದೆ. ಆಗ ಮೇಲಿಂದ ನೀರು ಕುಡಿಯುವುದು ದೊಡ್ಡ ತಪ್ಪು, ಕಟ್ಟಿದ ಚರಂಡಿಗೆ ಇನ್ನೊಂದು ಬಕೆಟ್ ಸುರಿದಂತೆ. ಎದ್ದು ನಡೆದಾಡಿ, ಕಾಯಿರಿ. ಕೆಲವು ಗಂಟೆಯಾದರೂ ಎಂಜಲು ಕೂಡ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ, ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಕಿತ್ತಳೆ ತೊಳೆಯ ನಾರು, ನುಗ್ಗೆಕಾಯಿ ಸಿಪ್ಪೆ, ಸೀಬೆಬೀಜ, ಒಣ ಚಪಾತಿ, ಬ್ರೆಡ್ಡು ಇವೂ ಇದೇ ಸಾಲಿನವು.

ಜೋಳದರೊಟ್ಟಿ
ನಮ್ಮ ಕಡೆ ರೊಟ್ಟಿ ಇಲ್ದ ಊಟನ ಇಲ್ರಿ. ಖಡಕ್ ರೊಟ್ಟಿ ನಡೀತದೇನ್ರಿ, ಇಲ್ಲಾ ಬಿಸಿ ರೊಟ್ಟಿ ಅಷ್ಟನ?

ಅಡುಗೆಮನೆ_ತಕ್ಕಡಿ
ವಿಚಿತ್ರ ಅನ್ನಿಸಬಹುದು, ಖಡಕ್ ರೊಟ್ಟಿಯೇ ವಾಸಿ. ಕಟಕಟ ಅಗಿದರೆ ಪುಡಿಯಾಗುತ್ತದೆ. ಬಿಸಿ ಮೆತ್ತನೆಯದು ಬಾಯಲ್ಲಿ ಉಂಡೆಯಾಗಿ ಹಾಗೇ ಜಾರುತ್ತದೆ. ಎರಡೂ ಎರಡು ತಿಂಗಳ ನಂತರ, ಕಾಲು ರೊಟ್ಟಿಯಿಂದ ಶುರು. ಶೇಂಗಾ ಚಟ್ನಿಪುಡಿ ಜೊತೆಗೆ ಅಲ್ಲ, ಗಟ್ಟಿ ಕಾಳುಪಲ್ಯದ ಜೊತೆಗೆ. ಎಣ್ಣೆ ಹಾಕಿದ ಶೇಂಗಾ ಹಿಂಡಿ ಎರಡು ಚಮಚ ತಿಂದರೆ ಕ್ಯಾಲರಿ ಲೆಕ್ಕವೇ ಬೇರೆ.

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಎಂಡೋಸ್ಕೋಪಿ ವರದಿ ಬಂತು: 3 ಸೆಂ.ಮೀ. ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಯೊಳಕ್ಕೆ ಜಾರಿರುವುದು), ಅನ್ನನಾಳದಲ್ಲಿ ಗ್ರೇಡ್ ಬಿ ಉರಿಯೂತ, ಎಚ್. ಪೈಲೋರಿ (ಜಠರದ ಬ್ಯಾಕ್ಟೀರಿಯಾ) ಪಾಸಿಟಿವ್. ಎರಡನೇ ಕಡೆ ಕೇಳಿದಾಗ ಬೈಪಾಸ್ ಅಂದರು, ಮತ್ತೊಬ್ಬರು "ಮಿನಿ ಬೈಪಾಸ್ ಸುಲಭ" ಅಂದರು.

ಬಿಳಿಕೋಟು
ಈ ವರದಿಗೆ ಸ್ಲೀವ್ ಕೈಬಿಡಬಹುದು. ಹರ್ನಿಯಾವನ್ನು ಬೈಪಾಸ್ ಜೊತೆಯಲ್ಲೇ ಸರಿಪಡಿಸುತ್ತಾರೆ.

ಮಿನಿ ಬೈಪಾಸ್ ಎಂಬ ಹೆಸರು ಮೋಸದ್ದು. ಹೊಲಿಗೆ ಎರಡರ ಬದಲು ಒಂದು ಅನ್ನುವುದಷ್ಟೇ ಮಿನಿ. ದಾಟಿಸುವ ಕರುಳು ಹೆಚ್ಚೇ ಇರುತ್ತದೆ, ಸಾಮಾನ್ಯವಾಗಿ 150ರಿಂದ 200 ಸೆಂ.ಮೀ. ಅದಕ್ಕೇ ತೂಕ, ಶುಗರ್ ಎರಡೂ ಚೆನ್ನಾಗಿ ಇಳಿಯುತ್ತವೆ. ಆದರೆ ಫ್ರಾನ್ಸಿನ ಯೊಮೆಗಾ ಅಧ್ಯಯನದಲ್ಲಿ 200 ಸೆಂ.ಮೀ. ದಾಟಿಸಿದವರಲ್ಲಿ ಭೇದಿ, ಪೋಷಕಾಂಶದ ಕೊರತೆ ಹೆಚ್ಚು ಕಂಡವು. ಪಿತ್ತರಸ ನೇರ ಜಠರದ ಚೀಲದ ಬಾಯಿಗೇ ಬರುವುದರಿಂದ ಪಿತ್ತ ಮೇಲಕ್ಕೆ ಚಿಮ್ಮುವ ಸಂಭವವೂ ಇದೆ. ಅನ್ನನಾಳ ಈಗಾಗಲೇ ಕೆಂಪಾಗಿ, ಪ್ರೋಟೀನ್‌ಗೆ ಹಾಲು ಬೇಳೆಯೇ ಗತಿಯಾಗಿರುವ ಇವರಿಗೆ ನನ್ನ ಆಯ್ಕೆ ರೂ-ಎನ್-ವೈ. ಇಲ್ಲಿ ಬೇರೆ ಅಭಿಪ್ರಾಯದ ವೈದ್ಯರಿದ್ದಾರೆ, ಕೇಳಿ. ಕೇಳುವಾಗ "ಎಷ್ಟು ಸೆಂಟಿಮೀಟರ್ ದಾಟಿಸುತ್ತೀರಿ, ಏಕೆ" ಅಂತಲೇ ಕೇಳಿ.

ಎಚ್. ಪೈಲೋರಿಗೆ 14 ದಿನದ ಕೋರ್ಸ್ ಪೂರ್ತಿ ಮುಗಿಸಿ. ಮುಗಿದು 4 ವಾರದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ. ಅದಕ್ಕೆ ಎರಡು ವಾರ ಮುಂಚೆ ಪ್ಯಾಂಟೊಪ್ರಜೋಲ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರುತ್ತದೆ. ಉಳಿಯಬಿಟ್ಟರೆ ಬೈಪಾಸ್ ಆದಮೇಲೆ ಬಿಟ್ಟುಹೋದ ಜಠರಕ್ಕೆ ಮಾಮೂಲಿ ಎಂಡೋಸ್ಕೋಪಿ ತಲುಪುವುದಿಲ್ಲ. ಹೀಗೆ ಸಿಗುವ ಆರು ವಾರ ದಂಡವಲ್ಲ: ಬಿ12, ಡಿ, ಫೆರಿಟಿನ್ (ಕಬ್ಬಿಣದ ದಾಸ್ತಾನು) ಕೊರತೆ ತುಂಬಿಸಿ, ಗೊರಕೆ ಇದ್ದರೆ ನಿದ್ದೆ ಪರೀಕ್ಷೆ ಮಾಡಿಸಿ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು ನೋಡಿಸಿ. ಊಟದ ನಡುವೆ ನೀರು ಕುಡಿಯದಿರುವುದು, ಒಂದು ಇಡ್ಲಿಗೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುವುದು, ಇವನ್ನು ಈಗಲೇ ಅಭ್ಯಾಸ ಮಾಡಲಿ. ಆಪರೇಷನ್ ಆದಮೇಲೆ ಕಲಿಯುವುದು ವಾಂತಿ ಮಾಡಿಕೊಂಡು.

ಇನ್ನು ಕೆಡುವ ವಿಷಯ.

ಸೋರಿಕೆ: ಹೊಲಿಗೆ ಬಿಟ್ಟು ಒಳಗಿನದು ಹೊರಗೆ ಬರುವುದು. ನೂರಕ್ಕೆ ಒಬ್ಬಿಬ್ಬರಲ್ಲಿ, ಹೆಚ್ಚಾಗಿ ಮೊದಲೆರಡು ವಾರದಲ್ಲಿ. ಹೊಟ್ಟೆನೋವಿಗಿಂತ ಮುಂಚೆ ಸುಳಿವು ಕೊಡುವುದು ನಾಡಿ. ಸುಮ್ಮನೆ ಮಲಗಿದ್ದಾಗಲೂ 120 ದಾಟಿದ್ದು ಇಳಿಯದಿದ್ದರೆ, ಜ್ವರ, ಏದುಸಿರು, ಎಡಭುಜದ ನೋವು ಸೇರಿದರೆ ಅದೇ ರಾತ್ರಿ ಹೊರಡಿ. ಮೊದಲೆರಡು ದಿನದ ಭುಜನೋವು ಮಾತ್ರ ಹೊಟ್ಟೆಗೆ ತುಂಬಿದ ಗ್ಯಾಸಿನದು, ನಡೆದಾಡಿದರೆ ಹೋಗುತ್ತದೆ. ಆಪರೇಷನ್ ದಿನವೇ ಎದ್ದು ನಡೆಸುವುದು, ಹೊಟ್ಟೆಗೆ ರಕ್ತ ತೆಳುಮಾಡುವ ಇಂಜೆಕ್ಷನ್, ಮೂರು ಚೆಂಡಿನ ಉಸಿರಾಟದ ಡಬ್ಬಿ, ಇವು ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟದಂತೆ, ಕಫ ನಿಲ್ಲದಂತೆ ಇರುವವು. ನೋವೆಂದು ಮಲಗಿಯೇ ಇದ್ದರೆ ಕೆಟ್ಟಿತು.

ವಾಂತಿ ಮತ್ತು ಬಿ1: ಇದನ್ನು ಮನೆಯವರೆಲ್ಲ ಓದಿ. ದೇಹದಲ್ಲಿ ಬಿ1, ಅಂದರೆ ಥಯಮಿನ್, ಇರುವುದು ಎರಡು ಮೂರು ವಾರಕ್ಕಾಗುವಷ್ಟೇ. ಒಂದೆರಡು ತಿಂಗಳ ಹೊತ್ತಿಗೆ ವಾಂತಿ ಹಿಡಿದು ವಾರಗಟ್ಟಲೆ ನಡೆದರೆ ಅದು ಬರಿದಾಗುತ್ತದೆ. ಹತ್ತಿರದ ನರ್ಸಿಂಗ್ ಹೋಮಿಗೆ ಹೋದರೆ ಸುಸ್ತಿಗೆ ಮೊದಲು ಏರಿಸುವುದು ಡಿಎನ್‌ಎಸ್ ಬಾಟ್ಲಿ. ಅದರಲ್ಲಿರುವ ಗ್ಲೂಕೋಸನ್ನು ಅರಗಿಸಲು ಉಳಿದಿದ್ದ ಬಿ1 ಕೂಡ ಖರ್ಚಾಗಿ, ಮಿದುಳಿಗೆ ಪೆಟ್ಟು ಬೀಳುತ್ತದೆ. ಒಂದು ಎರಡಾಗಿ ಕಾಣುವುದು, ನಡೆದರೆ ತೂರಾಡುವುದು, ಮಾತು ತಪ್ಪುವುದು, ಪಾದ ಉರಿ. ಹೆಸರು ವೆರ್ನಿಕೆ. ತಡವಾದರೆ ನೆನಪಿನ ಶಕ್ತಿ ಮರಳುವುದಿಲ್ಲ. ಪರಿಹಾರ ಸರಳ, ಅಗ್ಗ: ಗ್ಲೂಕೋಸಿಗಿಂತ ಮುಂಚೆ ಥಯಮಿನ್ ಇಂಜೆಕ್ಷನ್. ಹಳದಿ ಮಲ್ಟಿವಿಟಮಿನ್ ಬಾಟ್ಲಿಯಲ್ಲಿರುವ ಬಿ1 ಚಿಕಿತ್ಸೆಗೆ ಸಾಲದು. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಆಪರೇಷನ್ ಮಾಡಿದವರಿಗೇ ಫೋನ್ ಮಾಡಿ.

ಕರುಳು ಸಿಕ್ಕಿಕೊಳ್ಳುವುದು: ತೂಕ ಇಳಿದ ಮೇಲೆ ಒಳಗಿನ ಕೊಬ್ಬು ಕರಗಿ ಸಂದಿಗಳು ಅಗಲವಾಗುತ್ತವೆ. ತಿಂಗಳುಗಳು, ವರ್ಷಗಳು ಕಳೆದ ಮೇಲೂ ಊಟವಾದ ತಕ್ಷಣ ಹೊಟ್ಟೆ ಹಿಂಡಿ ಹಿಂಡಿ ಬರಬಹುದು, ಬಿಡಬಹುದು. ಸ್ಕ್ಯಾನ್ ಸರಿಯಿದ್ದರೂ ಇದು ಇಲ್ಲವೆಂದಲ್ಲ. "ಗ್ಯಾಸ್ಟ್ರಿಕ್ಕು" ಅಂತ ಇಂಜೆಕ್ಷನ್ ಹಾಕಿಸಿಕೊಂಡು ಬರಬೇಡಿ.

ನಿಧಾನಸ್ಥ
ಸರಿ, ಒಪ್ಪಿದೆ. 96 ಇದ್ದವರು ಕೊನೆಗೆ ಎಷ್ಟಕ್ಕೆ ನಿಲ್ಲುತ್ತಾರೆ? 56ಕ್ಕೆ ಬರುತ್ತಾರಾ?

ಅಡುಗೆಮನೆ_ತಕ್ಕಡಿ
ಬಹಳ ಮಟ್ಟಿಗೆ ಇಲ್ಲ. ಶೇಕಡ 30 ಅಂದರೆ 29 ಕೆ.ಜಿ. ಒಂದೂವರೆ ವರ್ಷಕ್ಕೆ 67ರ ಸುಮಾರು. 56ರ ಕನಸು ಕಟ್ಟಿಕೊಂಡವರು 67 ಬಂದಾಗ ಸೋತೆವು ಅಂದುಕೊಂಡು ಎಲ್ಲ ಬಿಟ್ಟುಬಿಡುತ್ತಾರೆ. ಎರಡನೇ ವರ್ಷದಿಂದ ಹಸಿವು ವಾಪಸ್ ಬರುತ್ತದೆ, ಸ್ವಲ್ಪ ತೂಕವೂ. ಆಗ ಕೆಡಿಸುವುದು ತಟ್ಟೆ ಊಟವಲ್ಲ, ಜಾರಿ ಹೋಗುವ ತಿನಿಸು: ಮಿಕ್ಸ್ಚರ್, ಚಿಪ್ಸ್, ಬಾದಾಮಿ ಹಾಲು, ಐಸ್‌ಕ್ರೀಂ. ಪನೀರ್ 80 ಗ್ರಾಂಗೇ ಸಾಕೆನಿಸುವ ಹೊಟ್ಟೆ ಕೋಡುಬಳೆ ಮಾತ್ರ ಸಂಜೆಯಿಡೀ ಒಳಗೆ ಬಿಟ್ಟುಕೊಳ್ಳುತ್ತದೆ. ಒಬ್ಬಟ್ಟು, ಪಾಯಸ ತಿಂದು ಹತ್ತು ಮೂವತ್ತು ನಿಮಿಷಕ್ಕೆ ಬೆವರು, ಎದೆಬಡಿತ, ಭೇದಿ ಬಂದರೆ ಡಂಪಿಂಗ್. ಒಂದರಿಂದ ಮೂರು ಗಂಟೆ ಬಿಟ್ಟು ನಡುಕ ಬಂದರೆ ಶುಗರ್ ಇಳಿದಿದೆ ಅಂತ, ಮಾಪಕದಲ್ಲಿ ನೋಡಿ.

ನಡಿಗೆ ಮೊದಲ ದಿನದಿಂದ. ತುಂಬಿದ ಕೊಡ, ಸಿಲಿಂಡರ್ ಎತ್ತುವುದು ಒಂದೂವರೆ ತಿಂಗಳು ಬೇಡ. ಆಮೇಲೆ ವಾರಕ್ಕೆರಡು ಸಲವಾದರೂ ತೂಕ ಎತ್ತುವ ವ್ಯಾಯಾಮ, ಬರೀ ನಡಿಗೆ ಸ್ನಾಯು ಉಳಿಸದು.

ಮಾತ್ರೆಡಬ್ಬಿ
ಬಿಟ್ಟುಹೋದವು ಮೂರು. 41 ಆದರೂ ಹೇಳಬೇಕು: ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಏರುತ್ತದೆ, 12–18 ತಿಂಗಳು ಬಸಿರು ಬೇಡ. ಬೈಪಾಸ್ ಆದವರಿಗೆ ನುಂಗುವ ಗರ್ಭನಿರೋಧಕ ಮಾತ್ರೆ ನೆಚ್ಚಿಕೆಯದಲ್ಲ, ಕಾಪರ್-ಟಿಯಂಥದ್ದು ವಾಸಿ. ಮುಂದೆಂದಾದರೂ ಬಸುರಿಯಾದರೆ, ತಪಾಸಣೆಯಲ್ಲಿ ಕುಡಿಸುವ 75 ಗ್ರಾಂ ಗ್ಲೂಕೋಸ್ ನೀರು ಕುಡಿಯಬಾರದು, ಡಂಪಿಂಗ್ ಆಗಿ ಬೀಳುತ್ತಾರೆ. ಅದರ ಬದಲು ಒಂದು ವಾರ ಮನೆಯಲ್ಲೇ ಶುಗರ್ ಅಳೆದು ತೋರಿಸಬಹುದು. ಮದ್ಯ: ಬೇಗ ಏರುತ್ತದೆ, ಚಟವಾಗುವ ಅಪಾಯ ಎರಡನೇ ವರ್ಷದಿಂದ ಹೆಚ್ಚು. ಅವರಿಗೆ ಬೇಡದ ಮಾತಿರಬಹುದು, ಓದುವ ಬೇರೆಯವರಿಗೆ ಬೇಕು.

ಹೇಮಾವತಿ_ದಂಡೆ
ಬೈಪಾಸ್ ಎಂದೇ ತೀರ್ಮಾನಿಸಿದ್ದೇವೆ, ಪೈಲೋರಿ ಕೋರ್ಸ್ ಇವತ್ತು ಶುರು. ಅವರು ಶಾಲಾ ಟೀಚರ್, ಎಲೆಕ್ಷನ್ ಡ್ಯೂಟಿ, ಟ್ರೇನಿಂಗ್ ಅಂತ ಊರೂರು ಹೋಗುತ್ತಾರೆ. ಎಲ್ಲಾದರೂ ಎಡವಟ್ಟಾದರೆ ಅಲ್ಲಿನ ಡಾಕ್ಟರಿಗೆ ಏನು ತೋರಿಸಲಿ?

ಬಿಳಿಕೋಟು
ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಆಪರೇಷನ್ ಟಿಪ್ಪಣಿಯನ್ನೂ ಕೇಳಿ ಪಡೆಯಿರಿ, ಎಷ್ಟು ಕರುಳು ದಾಟಿಸಿದ್ದಾರೆ, ಸಂದಿಗಳನ್ನು ಹೊಲಿದಿದ್ದಾರೆಯೇ ಎಂಬುದು ಇರುವುದು ಅದರಲ್ಲೇ. ಫೋಟೋ ಫೋನಿನಲ್ಲಿರಲಿ. ಪರ್ಸಿನಲ್ಲಿ ಒಂದು ಕಾರ್ಡು, ಲ್ಯಾಮಿನೇಟ್ ಮಾಡಿಸಿದ್ದು:

ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ತಾರೀಖು, ಶಸ್ತ್ರಚಿಕಿತ್ಸಕರ ಫೋನ್.
ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್ ಬೇಡ. ಪ್ಯಾರಾಸಿಟಮಾಲ್ ಕೊಡಬಹುದು.
ವಾಂತಿಯಿದ್ದರೆ ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಥಯಮಿನ್.
ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆಯನ್ನು ಅಂದಾಜಿನಲ್ಲಿ ಇಳಿಸಬೇಡಿ.
ಹೊಟ್ಟೆ ಹಿಂಡುವ ನೋವಿದ್ದರೆ ಒಳಹರ್ನಿಯಾ (ಕರುಳು ಸಂದಿಯಲ್ಲಿ ಸಿಕ್ಕಿಕೊಳ್ಳುವುದು) ಇರಬಹುದು, ಸರ್ಜನ್‌ಗೆ ತೋರಿಸಿ.

ಕಾರ್ಡು ಕನ್ನಡದಲ್ಲಿ ಒಂದು ಬದಿ, ಇಂಗ್ಲಿಷಿನಲ್ಲಿ ಇನ್ನೊಂದು ಬದಿ ಇರಲಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನವರು ಕೊಡುವ ಜೋಡಿಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಮೇಲಿನ ನಾಲ್ಕರಲ್ಲೊಂದು ಬಹುಪಾಲು ಇದ್ದೇ ಇರುತ್ತದೆ, ಕೌಂಟರಿನಲ್ಲೂ ಅದೇ ಕಾರ್ಡು ತೋರಿಸಲಿ.